ವಿಜಯಪುರದ ಬಿಸಲಾಗ ಸಣ್ಣ ರೀಫ್ ಟ್ಯಾಂಕ್ ಇಡಬಹುದೇನ್ರಿ? ಹೊಸಬಗ ಸಲಹೆ ಬೇಕು

ನೀರಿನ ಹುಚ್ಚ (ವಿಜಯಪುರ)

ಎಲ್ಲಾರಿಗೂ ನಮಸ್ಕಾರ್ರಿ. ನಂದು ವಿಜಯಪುರ, ಜಲನಗರದ ಕಡೆ ಮನಿ. ಸಿಹಿನೀರಿನ ಟ್ಯಾಂಕ್ ಭಾಳ ವರ್ಷದಿಂದ ಇಟ್ಟೀನಿ, ಗಪ್ಪಿ, ಏಂಜಲ್, ಗಿಡದ ಟ್ಯಾಂಕ್ ಎಲ್ಲಾ ಆಗ್ಯಾವ, ಈಗ ಉಪ್ಪುನೀರಿನ ಸಣ್ಣ ರೀಫ್ ಒಂದು ಮಾಡಬೇಕಂತ ಮನಸ್ಸಾಗ್ಯದ, ಕ್ಲೌನ್ ಫಿಶ್ ಜೋಡಿ ಮತ್ತ ಒಂದಿಷ್ಟು ಹವಳ, ಅಷ್ಟ ಸಾಕು. ಮನ್ಯಾಗ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ಖಾಲಿ ಬಿದ್ದದ, ಅದರಾಗ ಚಾಲೂ ಮಾಡ್ಲೇನು? ಅಂಗಡಿಯವರನ್ನ ಕೇಳಿದ್ರ ಒಬ್ಬರು ಚಿಲ್ಲರ್ (ನೀರು ತಣ್ಣಗ ಮಾಡೂ ಮಷಿನ್) ಇಲ್ಲದ ಆಗೂದೇ ಇಲ್ಲ ಅಂತಾರ, ಇನ್ನೊಬ್ಬರು ಉಪ್ಪು ಹಾಕಿ ಮೀನ ಬಿಡ್ರಿ ಎಲ್ಲಾ ಬರೋಬರಿ ಆಗ್ತದ ಅಂತಾರ. ಏಪ್ರಿಲ್ ಮೇದಾಗ ನಮ್ಮೂರಾಗ 40 ಡಿಗ್ರಿ ದಾಟ್ತದ, ಬೋರ್ ನೀರಿಗೆ ಟಿಡಿಎಸ್ (ನೀರಾಗ ಕರಗಿದ ಲವಣ) ಮೀಟರ್ ಹಾಕಿದ್ರ 1100 ತೋರಸ್ತದ, ಲೈಟ್ ಯಾವಾಗ ಹೋಗ್ತದ ಹೇಳಾಕ ಬರಂಗಿಲ್ಲ, ಸಮುದ್ರ ನೋಡಬೇಕಂದ್ರ ಗೋವಾಕ್ಕ ಹೋಗಬೇಕು. ಇಂಥಾ ಊರಾಗ ಇದು ಆಗೂ ಮಾತೇನ್ರಿ? ಮಾಡಿದವರು ಇದ್ರ ದಯವಿಟ್ಟು ಬಿಡಿಸಿ ಹೇಳ್ರಿ.

ರೊಟ್ಟಿ ಚಟ್ನಿ (ಇಂಡಿ)

ನಾನೂ ಇದನ್ನ ಕೇಳಬೇಕಂತ ಮಾಡಿದ್ದೆ ಅಣ್ಣಾ. ಗೊತ್ತಿದ್ದವರು ಹೇಳ್ರಿ, ಓದ್ಕೊಂತ ಕುಂದರ್ತೀನಿ.

ನವನಗರ ರೀಫ್ (ಬಾಗಲಕೋಟೆ)

ಆಗ್ತೈತ್ರಿ. ನಾ ಬಾಗಲಕೋಟೆಯೊಳಗ ಇಟ್ಟೀನಿ, ಚಿಲ್ಲರ್ ಇಲ್ಲ, ಮೆತ್ತನ ಹವಳ ಅದಾವ, ಮೀನ ಅದಾವ, ಬ್ಯಾಸಿಗಿ ದಾಟ್ಯಾವ. ಆದ್ರ ನಿಮ್ಮ 2 ಅಡಿ ಟ್ಯಾಂಕ್ ಬ್ಯಾಡ್ರಿ, ಅದನ್ನ ಹೊಸಾ ಮೀನ ಬಂದಾಗ ಬ್ಯಾರೆ ಇಡಾಕ ಇಟ್ಕೋರಿ. ಅದರಾಗ ಹಿಡಿಯೂದು ಹೆಚ್ಚಂದ್ರ 56 ಲೀಟರ್, ಕಲ್ಲು ಉಸುಕು ಹಾಕಿದ ಮ್ಯಾಲ 45 ಉಳೀತೈತಿ. ಸಣ್ಣ ಟ್ಯಾಂಕ್ ಅಂದ್ರ ಸುಲಭ ಅನ್ಕೋತಾರ, ರೀಫಿನ್ಯಾಗ ಅದು ಉಲ್ಟಾ. ಯಾಕಂದ್ರ ಆವಿಯಾಗಿ ಹೋಗೂದು ನೀರಷ್ಟ, ಉಪ್ಪು ಅಲ್ಲೇ ಉಳೀತೈತಿ. ನಮ್ಮ ಬ್ಯಾಸಿಗ್ಯಾಗ ಫ್ಯಾನ್ ಹಚ್ಚಿದ್ರ ದಿನಕ್ಕ 3 ಲೀಟರ್ ಹಾರೂದು ದೊಡ್ಡ ಮಾತಲ್ಲ. 45 ಲೀಟರಿನ್ಯಾಗ 3 ಲೀಟರ್ ಹೋದ್ರ 35 ಪಿಪಿಟಿ (ಸಾವಿರಕ್ಕ 35 ಪಾಲು) ಇದ್ದ ಉಪ್ಪು ಒಂದ ದಿನದಾಗ 37.5ಕ್ಕ ಏರ್ತೈತಿ, ಮರುದಿನ ನೀವು ಒಮ್ಮೆಲೇ ಸಿಹಿನೀರು ಸುರುವಿದ್ರ ಮತ್ತ ದಪ್ ಅಂತ ಇಳೀತೈತಿ. ಈ ಏರಿಳಿತ ಹವಳಕ್ಕ ಆಗಂಗಿಲ್ಲ. ಅದ 100 ಲೀಟರ್ ಇದ್ರ 36ರ ಆಜುಬಾಜು ಅಷ್ಟ. ಹಂಗಾಗಿ 2 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಮಾಡಸ್ರಿ, 125 ಲೀಟರಿನ ಸುತ್ತಮುತ್ತ ಬರ್ತೈತಿ, ಮನ್ಯಾಗ ಜಾಗಾನೂ ಭಾಳ ತಿನ್ನಂಗಿಲ್ಲ, ಹೊಸಬರಿಗೆ ಇದ ಸರಿ ಸೈಜ್ ಅಂತ ನನ್ನ ಖಾತ್ರಿ.

ಇನ್ನ ಬಿಸಲಿನ ಮಾತು. ಟ್ಯಾಂಕಿನ ನೀರು 25ರಿಂದ 27 ಡಿಗ್ರಿ ಇದ್ರ ಚೊಲೊ, 28ರ ತನಕ ತಡೀತಾವ, 30 ದಾಟಿ ಹಂಗ ದಿನಗಟ್ಟಲೆ ನಿಂತ್ರ ಹವಳ ತನ್ನ ಮೈಯಾಗಿರೂ ಪಾಚಿ ಕಣ ಹೊರಗ ಹಾಕಿ ಬೆಳ್ಳಗಾಗ್ತೈತಿ. 1998, 2010, 2016ರಾಗ ಲಕ್ಷದ್ವೀಪದ ಹವಳ ಬೆಳ್ಳಗಾಗಿದ್ದು ಇದ ಕಾರಣಕ್ಕ, ಸಮುದ್ರಾನ ಬಿಸಿ ಆಗಿತ್ತು. ಆದ್ರ ನಮ್ಮ ಬಿಸಲು ಒಣ ಬಿಸಲು ನೋಡ್ರಿ, ಅದ ನಮಗ ಲಾಭ. ಬ್ಯಾಸಿಗ್ಯಾಗ ಗಡಿಗಿ ನೀರು ಹೆಂಗ ತಣ್ಣಗಾಗ್ತೈತಿ ಹಂಗ ಟ್ಯಾಂಕೂ ಆಗ್ತೈತಿ, ಮ್ಯಾಲ ಗಾಜಿನ ಮುಚ್ಚಳ ತಗದು ಜಾಳಿಗಿ ಹಾಕಿ, ಸಣ್ಣ ಫ್ಯಾನ್ ಎರಡು ನೀರಿನ ಮ್ಯಾಲ ಅಡ್ಡ ಬೀಸೂ ಹಂಗ ಹಚ್ರಿ. 1 ಲೀಟರ್ ನೀರು ಆವಿ ಆದ್ರ 100 ಲೀಟರ್ ನೀರನ್ನ ಸುಮಾರು 6 ಡಿಗ್ರಿ ಇಳಸೂವಷ್ಟು ಶಾಖ ಹೊತ್ಕೊಂಡು ಹೋಗ್ತೈತಿ. ಖೋಲಿ ಬಿಸಿ ಮತ್ತ ಒಳಗ ಬರ್ತಾನ ಇರ್ತೈತಿ, ಅದಕ್ಕ ಪೂರಾ 6 ಸಿಗಂಗಿಲ್ಲ, ಆದ್ರ 3–4 ಡಿಗ್ರಿ ಆರಾಮ ಇಳೀತೈತಿ.

ಕರಾವಳಿ ಟ್ಯಾಂಕ್ (ಮಂಗಳೂರು)

ಕ್ಷಮಿಸಿ, ಫ್ಯಾನ್ ವಿಷಯ ನಾನು ಒಪ್ಪಲ್ಲ. ಮಂಗಳೂರಲ್ಲಿ ನಾನು ಫ್ಯಾನ್ ಹಾಕಿ ನೋಡಿದೀನಿ, ಮೇ ತಿಂಗಳಲ್ಲಿ ಒಂದು ಡಿಗ್ರಿ ಇಳಿದ್ರೆ ಹೆಚ್ಚು. ಇಲ್ಲೇ ಹೀಗೆ ಅಂದ್ರೆ ಅಲ್ಲಿ 40 ಡಿಗ್ರಿಯಲ್ಲಿ ಏನಾಗಬೇಡ? ಹವಳ ಇಡೋದಾದ್ರೆ ಚಿಲ್ಲರ್ ತಗೊಂಡೇ ಶುರು ಮಾಡಿ, ಜೀವ ಸಾಯಿಸಿ ಕಲಿಯೋದು ಬೇಡ.

ನವನಗರ ರೀಫ್ (ಬಾಗಲಕೋಟೆ)

ಸರ್, ನೀವು ಹೇಳೂದು ನಿಮ್ಮ ಊರಿಗೆ ಪೂರಾ ಖರೆ. ನಿಮ್ಮಲ್ಲಿ ಗಾಳಿಯೊಳಗ ಮೊದಲ ನೀರು ತುಂಬಿರ್ತೈತಿ, ಟ್ಯಾಂಕಿನ ನೀರು ಆವಿ ಆಗಾಕ ಜಾಗಾನ ಇರಂಗಿಲ್ಲ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಇದ್ದಾಗ ಗಾಳಿ ತೇವ 20 ಪರ್ಸೆಂಟಿನ ಹತ್ರ ಇಳಿದಿರ್ತೈತಿ, ಆ ಲೆಕ್ಕದಾಗ ಹಸಿ ಬಟ್ಟಿ ಸುತ್ತಿದ ಥರ್ಮಾಮೀಟರ್ 22 ಡಿಗ್ರಿ ತೋರಸ್ತೈತಿ, ಅಂದ್ರ ಆವಿ ಮಾಡಿ ತಣ್ಣಗ ಮಾಡಾಕ ನಮಗ ಅಷ್ಟು ಇಳಿಜಾರು ಐತಿ. ಮನಿ ಮನಿಗೆ ನೀರಿನ ಕೂಲರ್ ಕೆಲಸ ಮಾಡೂದು ಇದಕ್ಕ, ಮಂಗಳೂರಾಗ ಅದನ್ನ ಯಾರೂ ಇಡಂಗಿಲ್ಲ. ನಮಗ ಖರೆ ತ್ರಾಸು ಬರೂದು ಮೇ ಕೊನಿಗೆ, ಮಳಿ ಮೋಡ ಕಟ್ಟಿ ಧಗಿ ಬಿಡೂ ಆ ನಾಕಾರು ದಿನ, ಅವಾಗ ಫ್ಯಾನ್ ಸೋಲ್ತೈತಿ. ಆ ಹೊತ್ತಿಗೆ ಬಾಟ್ಲಿಯೊಳಗ ನೀರು ಹಾಕಿ ಬರ್ಫ ಮಾಡಿ ಇಟ್ಕೊಂಡು ಸಂಪಿನ್ಯಾಗ (ಟ್ಯಾಂಕಿಗೆ ಕೂಡಿಸಿದ ಫಿಲ್ಟರ್ ಪೆಟಗಿ) ತೇಲಿ ಬಿಡಬೇಕು, ಒಂದಾದ ಮ್ಯಾಲ ಒಂದು, ಒಮ್ಮೆಲೇ ಎಲ್ಲಾ ಅಲ್ಲ.

ಇನ್ನೊಂದು, ಟ್ಯಾಂಕ್ ಎಲ್ಲಿ ಇಡ್ತೀರಿ ಅನ್ನೂದು ಚಿಲ್ಲರಿಗಿಂತ ದೊಡ್ಡದು. ಮ್ಯಾಲಿನ ಮಾಳಗಿ, ಆರ್‌ಸಿಸಿ ಸ್ಲ್ಯಾಬ್ ಕೆಳಗಿನ ಖೋಲಿ ಬ್ಯಾಡ, ರಾತ್ರಿ ಹನ್ನೆರಡರ ತನಕ ಆ ಸ್ಲ್ಯಾಬ್ ಬೆಂಕಿ ಉಗಳ್ತೈತಿ. ಕೆಳಗಿನ ಮನಿ, ನಡಮನಿ ಅಥವಾ ಪಡಸಾಲಿ, ಪಶ್ಚಿಮದ ಗ್ವಾಡಿಗೆ ಹಚ್ಚದ ಇಡ್ರಿ. ಹಳೇ ಮಣ್ಣಿನ ಮನಿ ಇದ್ರಂತೂ ಅದರಷ್ಟು ಚೊಲೊ ಜಾಗಾ ಯಾವುದೂ ಇಲ್ಲ.

ಕರಾವಳಿ ಟ್ಯಾಂಕ್ (ಮಂಗಳೂರು)

ತೇವಾಂಶದ ಲೆಕ್ಕ ನಾನು ಯೋಚನೆ ಮಾಡಿರ್ಲಿಲ್ಲ, ಸರಿ ಇದೆ. ಹಾಗಿದ್ರೂ ಥರ್ಮಾಮೀಟರ್ ಎರಡು ಇಡಿ ಅಂತ ಹೇಳ್ತೀನಿ, ಮತ್ತೆ ಫ್ಯಾನನ್ನ ಟೆಂಪರೇಚರ್ ಕಂಟ್ರೋಲರ್‌ಗೆ ಹಾಕಿ, 26.5ಕ್ಕೆ ಆನ್ ಆಗಿ 26ಕ್ಕೆ ಆಫ್ ಆಗೋ ಹಾಗೆ, ಇಲ್ಲಾಂದ್ರೆ ರಾತ್ರಿ ಸುಮ್ನೆ ಓಡಿ ತುಂಬಾ ತಣ್ಣಗಾಗುತ್ತೆ.

ಕುಂದಾನಗರಿ (ಬೆಳಗಾವಿ)

ಮತ್ತ ಹೀಟರೂ ಬೇಕ್ರಿ, ಅದನ್ನ ಯಾರೂ ಹೇಳ್ಲಿಲ್ಲ. ಡಿಸೆಂಬರಿನ್ಯಾಗ ವಿಜಯಪುರದಾಗೂ ರಾತ್ರಿ 15ರ ಕೆಳಗ ಇಳೀತೈತಿ, ನಮ್ಮ ಬೆಳಗಾವಿ ಅಂತೂ ಕೇಳಬ್ಯಾಡ್ರಿ. 100 ವ್ಯಾಟಿನದು ಒಂದು ಸಾಕು.

ನೀರಿನ ಹುಚ್ಚ (ವಿಜಯಪುರ)

ಧನ್ಯವಾದ್ರಿ ಎಲ್ಲಾರಿಗೂ, ಇಷ್ಟು ಬಿಡಿಸಿ ಯಾರೂ ಹೇಳಿದ್ದಿಲ್ಲ. ಪಡಸಾಲ್ಯಾಗ ಜಾಗಾ ಅದ, ಅಲ್ಲೇ ಇಡ್ತೀನಿ. ಈಗ ನೀರಿಂದು ಹೇಳ್ರಿ. ಅಡಗಿ ಮನ್ಯಾಗ ಆರ್‌ಓ ಅದ, ಆ ನೀರು ನಡೀತದೇನು?

ಆಲಮಟ್ಟಿ ಹಿನ್ನೀರು (ಬಾಗಲಕೋಟೆ)

ನನ್ನದೊಂದು ಡೌಟ್. ಹವಳದ ಮೈ ಅಂದ್ರ ಸುಣ್ಣಾನ, ನಮ್ಮ ಬೋರ್ ನೀರಿನ್ಯಾಗ ಸುಣ್ಣ ಬೇಕಾದಷ್ಟೈತಿ, ಪಾತ್ರಿ ತುಂಬ ಬೆಳ್ಳಗ ಕಟ್ಟಿರ್ತೈತಿ. ಹಂಗಿದ್ರ ಬೋರ್ ನೀರ ಹವಳಕ್ಕ ಚೊಲೊ ಆಗಬೇಕಲ್ಲ, ಆರ್‌ಓ ಯಾಕ ಬೇಕು? ಉಪ್ಪು ಸೈತ ಕಿರಾಣಿ ಅಂಗಡ್ಯಾಗಿನ ಹರಳುಪ್ಪು ಹಾಕಿದ್ರ ಆಗಂಗಿಲ್ಲೇನು?

ಕುಂದಾನಗರಿ (ಬೆಳಗಾವಿ)

ಅಣ್ಣಾರ, ಪ್ರಶ್ನೆ ಭಾಳ ಚೊಲೊ ಕೇಳೀರಿ, ಹೊಸಬರೆಲ್ಲಾ ಹಿಂಗ ವಿಚಾರ ಮಾಡ್ತಾರ. ಉಪ್ಪಿಂದ ಮೊದಲು ಹೇಳ್ತೀನಿ. ಸಮುದ್ರದ ನೀರಿನ್ಯಾಗ ಕರಗಿದ್ದರಾಗ ಸೋಡಿಯಂ ಮತ್ತ ಕ್ಲೋರೈಡ್ ಸೇರಿ 85 ಪರ್ಸೆಂಟ್ ಅಷ್ಟ, ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಹಿಂಗ. ಹವಳ ಬದುಕೂದು ಆ ಉಳಿದ 15ರ ಮ್ಯಾಲ. ಅಡಗಿ ಉಪ್ಪು ಹಾಕಿದ್ರ ನೀರು ಉಪ್ಪಾಗ್ತೈತಿ, ಸಮುದ್ರ ಆಗಂಗಿಲ್ಲ. ರೀಫ್ ಸಾಲ್ಟ್ ಅಂತ ಬ್ಯಾರೇನ ಸಿಗ್ತೈತಿ, ಲೀಟರಿಗೆ ಬ್ರ್ಯಾಂಡ್ ನೋಡ್ಕೊಂಡು 36ರಿಂದ 40 ಗ್ರಾಂ, ಬಕೆಟಿನ್ಯಾಗ ಪಂಪ್ ಹಾಕಿ ಪೂರಾ ಕರಗಿಸಿ ತಿಳಿ ಆದ ಮ್ಯಾಲ ಅಳದು ಹಾಕಬೇಕು. ಟ್ಯಾಂಕಿನ್ಯಾಗ ಜೀವ ಇದ್ದಾಗ ಪುಡಿ ಉಪ್ಪು ನೇರ ಒಳಗ ಎಂದೂ ಹಾಕಬ್ಯಾಡ್ರಿ.

ಸುಣ್ಣದ ಮಾತಂದ್ರ, ಆ ಉಪ್ಪನ್ನ ಶೂನ್ಯ ಟಿಡಿಎಸ್ ನೀರಿಗೆ ಲೆಕ್ಕ ಹಾಕಿ ಮಾಡಿರ್ತಾರ, ಅದನ್ನ ಬೆರೆಸಿದ್ರ ಕ್ಯಾಲ್ಸಿಯಂ 400–450 ಪಿಪಿಎಂ (ಹತ್ತು ಲಕ್ಷಕ್ಕ ಇಷ್ಟು ಪಾಲು), ಮೆಗ್ನೀಸಿಯಂ 1300ರ ಹತ್ರ, ಆಲ್ಕಲಿನಿಟಿ (ನೀರು ಹುಳಿ ಆಗದಂಗ ತಡಿಯೂ ಗುಣ) ಅದರ ಅಳತಿ ಡಿಕೆಎಚ್ ಲೆಕ್ಕದಾಗ 8–9 ತಾನಾ ಬರ್ತೈತಿ. ನೀವು 1100 ಟಿಡಿಎಸ್ ನೀರು ಸುರುವಿದ್ರ ಆ ಲೆಕ್ಕ ಪೂರಾ ಕೆಡ್ತೈತಿ, ಮತ್ತ ಬೋರ್ ನೀರಿನ ಜೋಡಿ ನೈಟ್ರೇಟ್, ಸಿಲಿಕಾ, ಫಾಸ್ಫೇಟ್ ಬರ್ತಾವ, ಅವು ಪಾಚಿಗೆ ಹಬ್ಬದ ಊಟ. ಹಳೇ ತಾಮ್ರದ ಪೈಪ್, ತಾಮ್ರದ ಹಂಡೆ ಕೊಡ ಮುಟ್ಟಿದ ನೀರಂತೂ ಬ್ಯಾಡವೇ ಬ್ಯಾಡ, ಸೀಗಡಿ, ಶಂಖದ ಹುಳ, ಹವಳ ಇವಕ್ಕೆಲ್ಲಾ ತಾಮ್ರ ಜರಾ ಇದ್ರೂ ವಿಷ.

ಅಡಗಿ ಮನಿ ಆರ್‌ಓ ಬಗ್ಗೆ ಹೇಳ್ಬೇಕಂದ್ರ, ಅದರಾಗ ಬಾಯಿ ರುಚಿಗೆ ಅಂತ ಟಿಡಿಎಸ್ ಕಂಟ್ರೋಲರ್, ಮಿನರಲ್ ಕಾರ್ಟ್ರಿಜ್ ಇರ್ತಾವ, ಮತ್ತ ವಾಪಸ್ ಸೇರಸ್ತಾವ. ಅವನ್ನ ಬಿಟ್ಟು ಮೆಂಬ್ರೇನಿನಿಂದ ಸೀದಾ ಬರೂ ನೀರಿಗೆ ಮುಂದ ಒಂದು ಡಿಐ ರೆಸಿನ್ (ಉಳಿದ ಲವಣ ಹಿಡಿಯೂ ಸಣ್ಣ ಹರಳು) ಪಾತ್ರಿ ಕೂಡಿಸ್ರಿ. ಮೆಂಬ್ರೇನ್ ಚೊಲೊ ಇದ್ರ 1100 ಇದ್ದದ್ದು 50ರ ಆಜುಬಾಜು ಬರ್ತೈತಿ, ಉಳಿದದ್ದನ್ನ ರೆಸಿನ್ ಹಿಡದು ಸೊನ್ನಿಗೆ ತರ್ತೈತಿ. ರೆಸಿನ್ ನಮ್ಮ ಕಡೆ ಲಗೂನ ಮುಗೀತೈತಿ, ಅದನ್ನ ಖರ್ಚಿನ್ಯಾಗ ಮೊದಲ ಹಿಡೀರಿ. ಮುನ್ಸಿಪಾಲ್ಟಿ ನೀರು ಬರ್ತಿದ್ರ ಬೋರ್ ಬದಲಿ ಅದನ್ನ ಹಾಕ್ರಿ, ಟಿಡಿಎಸ್ ಕಡಿಮಿ, ಆದ್ರ ಕ್ಲೋರಿನ್ ಇರ್ತೈತಿ, ಮೆಂಬ್ರೇನಿಗಿಂತ ಮೊದಲು ಕಾರ್ಬನ್ ಫಿಲ್ಟರ್ ಸರಿ ಇರಬೇಕು.

ರೊಟ್ಟಿ ಚಟ್ನಿ (ಇಂಡಿ)

ಅಕ್ಕಾ, ನಿಮಗ ಗೋವಾ ಹತ್ರ ಐತಲ್ಲ, ಸಮುದ್ರದ ನೀರ ಕ್ಯಾನಿನ್ಯಾಗ ತಂದ್ರ ಆಗಂಗಿಲ್ಲೇನು? ಉಪ್ಪಿನ ಖರ್ಚು ಉಳೀತೈತಿ.

ಕುಂದಾನಗರಿ (ಬೆಳಗಾವಿ)

ತಮ್ಮಾ, ಚೋರ್ಲಾ ಘಾಟ್ ಇಳದ್ರ ಸಮುದ್ರ ಹತ್ರಾನ, ಆದ್ರ ನಾ ತರಂಗಿಲ್ಲ. ದಂಡಿಮ್ಯಾಲಿನ ನೀರಿನ್ಯಾಗ ಮಣ್ಣು, ಬೋಟಿನ ಎಣ್ಣಿ, ಹೊಲಸು ಕೂಡಿರ್ತೈತಿ, ಜೂನಿನಿಂದ ಸೆಪ್ಟೆಂಬರ್ ತನಕ ಮಾಂಡವಿ, ಜುವಾರಿ, ಈಕಡೆ ಕಾರವಾರದಾಗ ಕಾಳಿ ಎಲ್ಲಾ ಹೊಳಿ ತುಂಬಿ ಹರದು ಉಪ್ಪು ಎಷ್ಟೋ ಇಳದಿರ್ತೈತಿ. ಒಳ್ಳೆ ನೀರು ಬೇಕಂದ್ರ ದೂರ ಒಳಗ ಹೋಗಿ ತರಬೇಕು. ಸಣ್ಣ ಟ್ಯಾಂಕಿಗೆ ಆ ತ್ರಾಸು ಯಾಕ?

ನೀರಿನ ಹುಚ್ಚ (ವಿಜಯಪುರ)

ಸರಿ ಅಕ್ಕಾರ, ಉಪ್ಪು ಖರೀದಿ ಮಾಡೇ ಬೆರೆಸ್ತೀನಿ. ಇನ್ನ ಕಲ್ಲು. ವಿಡಿಯೋದಾಗೆಲ್ಲಾ ಲೈವ್ ರಾಕ್ ಅಂತ ತೋರಸ್ತಾರ, ಜೀವ ಇರೂ ಸಮುದ್ರದ ಕಲ್ಲು. ಒಬ್ಬರು ಹವಳದ ಕಲ್ಲು ತರಸಿ ಕೊಡ್ತೀನಿ, ಬಿಲ್ ಗಿಲ್ ಇಲ್ಲ ಅಂದಾರ.

ನವನಗರ ರೀಫ್ (ಬಾಗಲಕೋಟೆ)

ಬ್ಯಾಡ್ರಿ. ಇದೊಂದು ಮಾತು ದಯವಿಟ್ಟು ಕೇಳ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಐತಲ್ಲ, 2001ರಾಗ ಅದರ ಶೆಡ್ಯೂಲ್ 1ಕ್ಕ ರೀಫ್ ಕಟ್ಟೂ ಕಲ್ಲು ಹವಳ ಎಲ್ಲಾ ಸೇರಿಸ್ಯಾರ, ಕರಿ ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರದ ಬೀಸಣಿಕಿ ಹವಳಾನೂ ಅದರಾಗ ಅದಾವ, ಸಮುದ್ರ ಕುದುರಿ ಸೈತ ಅದ ವರ್ಷ ಸೇರ್ಯಾವ. ಹುಲಿಗೆ ಎಷ್ಟು ರಕ್ಷಣಾ ಐತೋ ಆ ಕಲ್ಲಿಗೂ ಅಷ್ಟ. ಶೆಡ್ಯೂಲ್ 1ರ ಜೀವ ಇಟ್ಕೊಂಡಿದ್ದು ಸಾಬೀತಾದ್ರ ಕನಿಷ್ಠ 3 ವರ್ಷ, 7 ವರ್ಷದ ತನಕ ಜೈಲು. ಹೊರದೇಶದ ಕಲ್ಲು ಹವಳಾನೂ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯೊಳಗ ಅದಾವ, ಕಾಗದಪತ್ರ ಇಲ್ಲದ ಮುಟ್ಟಾಕ ಬರಂಗಿಲ್ಲ.

ಕಾಯ್ದೆ ಅಷ್ಟ ಅಲ್ರೀ, ಮುರಡೇಶ್ವರದ ಮುಂದ ನೇತ್ರಾಣಿ ಗುಡ್ಡ ಐತಿ, ಅಲ್ಲಿ ನೀರಾಗ ಹವಳ ಐತಿ, ನಮ್ಮ ರಾಜ್ಯದ ಸಮುದ್ರದಾಗ ಹವಳ ಇರೂ ಜಾಗಾನ ಕಡಿಮಿ, ಅದನ್ನೂ ಒಡದು ನಮ್ಮ ಗಾಜಿನ ಪೆಟಗಿಗೆ ತಂದ್ರ ನಮಗ ಸಮುದ್ರದ ಮ್ಯಾಲ ಪ್ರೀತಿ ಐತಿ ಅಂತ ಹೆಂಗ ಹೇಳೂದು? ಕೃತಕ ರೀಫ್ ರಾಕ್ ಸಿಗ್ತಾವ, ಸಿರಾಮಿಕ್ ಅಥವಾ ಅರಗೊನೈಟ್ ಸಿಮೆಂಟಿಂದು, ಒಣ ಕಲ್ಲು, ಕಾಯ್ದೆದ ಹೆದರಿಕಿ ಇಲ್ಲ, ಕೆಟ್ಟ ಹುಳಾನೂ ಜೋಡಿ ಬರಂಗಿಲ್ಲ. 100 ಲೀಟರಿಗೆ 10 ಕೆಜಿ ಸುತ್ತಮುತ್ತ ಸಾಕು. ಬ್ಯಾಕ್ಟೀರಿಯಾ ಬಾಟ್ಲಿ ಹಾಕಿದ್ರ ಅದ ಒಣ ಕಲ್ಲು ಕೆಲವು ತಿಂಗಳಿನ್ಯಾಗ ಜೀವಂತ ಆಗ್ತೈತಿ.

ಆಲಮಟ್ಟಿ ಹಿನ್ನೀರು (ಬಾಗಲಕೋಟೆ)

ಹಂಗಿದ್ರ ಹವಳಾನ ಇಡಾಕ ಬರಂಗಿಲ್ಲೇನು? ರೀಫ್ ಅನ್ನೂದು ಎಲ್ಲಿ ಉಳೀತು?

ನವನಗರ ರೀಫ್ (ಬಾಗಲಕೋಟೆ)

ಮೆತ್ತನ ಜಾತಿ ಅದಾವಲ್ರೀ. ಝೊಯಾಂಥಿಡ್, ಮಶ್ರೂಮ್, ಕೆನ್ಯಾ ಟ್ರೀ, ಟೋಡ್‌ಸ್ಟೂಲ್ ಲೆದರ್. ಇವಕ್ಕ ಕಲ್ಲಿನ ಎಲುಬು ಇಲ್ಲ, ಕಲ್ಲು ಹವಳದ ಪಟ್ಟಿಯೊಳಗ ಬರಂಗಿಲ್ಲ. ಟ್ಯಾಂಕಿನ್ಯಾಗ ಕತ್ತರಿಸಿ ಬೆಳೆಸಿದ ಫ್ರ್ಯಾಗ್ (ಹವಳದ ಸಣ್ಣ ತುಂಡು) ಕೇಳಿ ತಗೋರಿ, ಬಿಲ್ ತಗೋರಿ. ಹೊಸಬರಿಗೆ ಇವ ಸರಿ, ಲೈಟ್ ಮಧ್ಯಮ ಸಾಕು, ಕ್ಯಾಲ್ಸಿಯಂ ದಿನಾ ಅಳದು ಹಾಕೂ ಕೆಲಸಾನೂ ಇಲ್ಲ, ವಾರಕ್ಕ 10 ಪರ್ಸೆಂಟ್ ನೀರು ಬದಲಿ ಮಾಡಿದ್ರ ನಡೀತೈತಿ. ನನ್ನ ಟ್ಯಾಂಕಿನ್ಯಾಗ ಟೋಡ್‌ಸ್ಟೂಲ್ ಗಾಳಿಗೆ ಜ್ವಾಳದ ತೆನಿ ತೂಗಿದಂಗ ತೂಗೂದು ನೋಡ್ಕೊಂತ ಕುಂತ್ರ ಊಟಕ್ಕ ಏಳಾಕ ಮನಸ ಬರಂಗಿಲ್ಲ.

ಕುಂದಾನಗರಿ (ಬೆಳಗಾವಿ)

ಝೊಯಾಂಥಿಡ್ ಹೇಳಿದ್ರಿ, ಅದರ ಜೋಡಿ ಎಚ್ಚರಿಕಿನೂ ಹೇಳಬೇಕ್ರಿ, ಮನ್ಯಾಗ ಸಣ್ಣ ಹುಡುಗ್ರು ಇರ್ತಾರ. ಕೆಲವು ಝೊಯಾಂಥಿಡ್, ಅದರಾಗೂ ಪ್ಯಾಲಿಥೋವಾ ಜಾತಿಯೊಳಗ ಪ್ಯಾಲಿಟಾಕ್ಸಿನ್ ಅನ್ನೂ ಭಾರಿ ವಿಷ ಇರ್ತೈತಿ. ಮುಟ್ಟೂದಾದ್ರ ಕೈಗೆ ಗ್ಲೌಸ್, ಕತ್ತರಿಸೂವಾಗ ಕಣ್ಣಿಗೆ ಕನ್ನಡಕ, ಕೈ ಮ್ಯಾಲ ಗಾಯ ಇದ್ರ ಮುಟ್ಟಲೇಬಾರದು. ಅದು ಬೆಳದ ಕಲ್ಲನ್ನ ತೊಳೀಬೇಕಂತ ಕುದಿಯೂ ನೀರಿಗೆ ಹಾಕೂದಂತೂ ಎಂದೂ ಮಾಡಬ್ಯಾಡ್ರಿ, ಆ ಹಬಿ ಉಸರಿನ್ಯಾಗ ಹೋಗಿ ಮನಿ ಮಂದಿಯೆಲ್ಲಾ ದವಾಖಾನಿ ಸೇರಿದ ಪ್ರಕರಣ ಹೊರದೇಶದಾಗ ಆಗ್ಯಾವ. ಹೆದರಿಸಾಕ ಹೇಳಾಕತ್ತಿಲ್ಲ, ಗೊತ್ತಿದ್ದು ಇಟ್ರ ಏನೂ ಆಗಂಗಿಲ್ಲ, ನಾನೂ ಇಟ್ಟೀನಿ.

ನೀರಿನ ಹುಚ್ಚ (ವಿಜಯಪುರ)

ಇದು ಗೊತ್ತ ಇದ್ದಿಲ್ರಿ ಅಕ್ಕಾರ, ಉಪಕಾರ ಆತು. ಮನ್ಯಾಗ ಮಗಳು ಸಣ್ಣಾಕಿ, ಮೊದಲು ಮಶ್ರೂಮ್ ಮತ್ತ ಲೆದರ್ ಅಷ್ಟ ಇಡ್ತೀನಿ. ಮೀನ ಯಾವಾಗ ಬಿಡಬೇಕು? ಸಿಹಿನೀರಿನ್ಯಾಗ ಸೈಕಲ್ ಮಾಡೂದು (ಮೀನ ಬಿಡೂ ಮೊದಲ ಹೊಲಸು ತಿನ್ನೂ ಬ್ಯಾಕ್ಟೀರಿಯಾ ಬೆಳೆಸೂದು) ಗೊತ್ತದ, ಇದೂ ಹಂಗನೇನು?

ನವನಗರ ರೀಫ್ (ಬಾಗಲಕೋಟೆ)

ರೀತಿ ಅದ, ತಾಳ್ಮಿ ಹೆಚ್ಚು ಬೇಕು. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾ 2 ಪಿಪಿಎಂ ಮಾಡ್ರಿ, ಬ್ಯಾಕ್ಟೀರಿಯಾ ಹಾಕ್ರಿ, ಲೈಟ್ ಬಂದ್ ಇಡ್ರಿ. ಮೊದಲು ಅಮೋನಿಯಾ ಇಳದು ನೈಟ್ರೈಟ್ ಏರ್ತೈತಿ, ಆಮ್ಯಾಲ ನೈಟ್ರೈಟ್ ಇಳದು ನೈಟ್ರೇಟ್ ಉಳೀತೈತಿ, 4ರಿಂದ 6 ವಾರ ಹಿಡೀತೈತಿ. 2 ಪಿಪಿಎಂ ಹಾಕಿದ್ದು 24 ತಾಸಿನ್ಯಾಗ ಎರಡೂ ಸೊನ್ನಿ ಆದ್ರ ಆತು ಅಂತ ತಿಳೀರಿ. ಅದಾದ ಮ್ಯಾಲ ಕಂದು ಪಾಚಿ ಬರ್ತೈತಿ, ಗಾಜು, ಉಸುಕು ಎಲ್ಲಾ ಕಂದು, ಗಾಬರಿ ಆಗಿ ಔಷಧ ಹಾಕಬ್ಯಾಡ್ರಿ, ಹೊಸಾ ಟ್ಯಾಂಕಿನ್ಯಾಗ ಅದು ಬಂದೇ ಬರ್ತೈತಿ, ತಾನಾ ಹೋಗ್ತೈತಿ. ಆವಾಗ ಟರ್ಬೋ, ಟ್ರೋಕಸ್ ಶಂಖದ ಹುಳ ನಾಕೈದು ಬಿಡ್ರಿ.

ನಾನಾಗಿದ್ರ ಕಾರಹುಣ್ಣಿವಿ ಹೊತ್ತಿಗೆ ನೀರು ಉಪ್ಪು ಕಲ್ಲು ಹಾಕಿ ಚಾಲೂ ಮಾಡ್ತಿದ್ದೆ, ಪಂಚಮಿ ಮುಗದ ಮ್ಯಾಲ ಹುಳ, ದಸರಾಕ್ಕ ಮೊದಲ ಮಶ್ರೂಮ್, ದೀಪಾವಳಿಗೆ ಮೀನ. ಹಿಂಗ ಮಾಡಿದ್ರ ಮುಂದಿನ ಬ್ಯಾಸಿಗಿ ಬರೂದ್ರಾಗ ಟ್ಯಾಂಕ್ ಗಟ್ಟಿ ಆಗಿರ್ತೈತಿ, ನಿಮ್ಮ ಕೈನೂ ಕೂತಿರ್ತೈತಿ. ಮೀನಿನ ಪಾರ್ಸಲ್ ಮುಂಬೈ, ಪುಣೆ, ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬರ್ತಾವ, ಮಾರ್ಚಿನಿಂದ ಜೂನ್ ತನಕ ಏನೂ ತರಸಬ್ಯಾಡ್ರಿ, ಥರ್ಮಾಕೋಲ್ ಡಬ್ಬಿ ಇದ್ರೂ ಹಾದ್ಯಾಗ ಕುದೀತಾವ.

ಕ್ಲೌನ್ ಎರಡು ಸಾಕು, ಸಾಕಿ ಬೆಳೆಸಿದ್ದ ಕೇಳ್ರಿ, ನಮ್ಮ ದೇಶದಾಗ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಕ್ಲೌನ್ ಮರಿ ಮಾಡೂ ವಿಧಾನ ತಗದು ಕೊಟ್ಟಾರ, ಸಮುದ್ರದಿಂದ ಹಿಡದ ಮೀನ ಬೇಕಾಗಿಲ್ಲ. ಎರಡೂ ಸಣ್ಣವು ತಂದ್ರ ಒಂದು ದೊಡ್ಡದಾಗಿ ಹೆಣ್ಣಾಗ್ತೈತಿ, ಇನ್ನೊಂದು ಗಂಡಾಗಿ ಉಳೀತೈತಿ. ಅನಿಮೋನ್ (ಕ್ಲೌನ್ ಮೀನ ಆಸರಾ ಪಡಿಯೂ ಹೂವಿನಂಥ ಸಮುದ್ರ ಪ್ರಾಣಿ) ಇಲ್ಲದನೂ ಆರಾಮ ಇರ್ತಾವ, ಅದನ್ನ ಮೊದಲ ವರ್ಷ ತರಬ್ಯಾಡ್ರಿ, ನಡಕೊಂತ ಹೋಗಿ ಪಂಪಿನ್ಯಾಗ ಸಿಕ್ರ ಇಡೀ ಟ್ಯಾಂಕ್ ಕೆಡ್ತೈತಿ. ನೀಲಿ ಟ್ಯಾಂಗ್ ಮೀನನ್ನ ಸಿನೆಮಾ ನೋಡಿದ ಹುಡುಗ್ರು ಕೇಳ್ತಾರ, ಅದಕ್ಕ ಈ ಟ್ಯಾಂಕ್ ಸಾಲಂಗಿಲ್ಲ.

ಆಲಮಟ್ಟಿ ಹಿನ್ನೀರು (ಬಾಗಲಕೋಟೆ)

ಲೈಟ್ ಹೋದ್ರ?

ಕುಂದಾನಗರಿ (ಬೆಳಗಾವಿ)

ಮನಿ ಇನ್ವರ್ಟರಿಗೆ ವೇವ್‌ಮೇಕರ್ (ನೀರು ಅಳ್ಳಾಡಸೂ ಸಣ್ಣ ಪಂಪ್) ಒಂದನ್ನ ಮತ್ತ ಬ್ಯಾಸಿಗ್ಯಾಗ ಫ್ಯಾನ್ ಕೂಡಿಸ್ರಿ, ಲೈಟ್, ಹೀಟರ್ ಬ್ಯಾಡ. ಸಣ್ಣ ವೇವ್‌ಮೇಕರ್ 5–10 ವ್ಯಾಟ್ ಅಷ್ಟ ಎಳೀತೈತಿ, ತಾಸುಗಟ್ಟಲೆ ನಡೀತೈತಿ. ಬಿಸಿ ಉಪ್ಪುನೀರು ಆಕ್ಸಿಜನ್ ಕಡಿಮಿ ಹಿಡೀತೈತಿ, ನೀರು ಅಳ್ಳಾಡೂದು ನಿಂತ್ರ ಮೊದಲು ಮೀನ ಹೋಗ್ತಾವ. ವೈರಿನ ವಿಚಾರಾನೂ ನೋಡ್ರಿ, ಉಪ್ಪು ತೇವಕ್ಕ ಏರ್ಕೊಂತ ಬಂದು ಬೋರ್ಡ್ ಒಳಗ ಕೂಡ್ತೈತಿ, ಬೋರ್ಡನ್ನ ಟ್ಯಾಂಕಿಗಿಂತ ಎತ್ತರದಾಗ ಬಾಜೂಕ ಇಡ್ರಿ, ವೈರ್ ಕೆಳಗ ಜೋತು ಬಿದ್ದು ಆಮ್ಯಾಲ ಮ್ಯಾಲ ಏರೂ ಹಂಗ ಬಿಡ್ರಿ, ಅರ್ಥಿಂಗ್ ಮತ್ತ ಇಎಲ್‌ಸಿಬಿ (ಕರೆಂಟ್ ಸೋರಿದ್ರ ತಾನಾ ಬಂದ್ ಆಗೂ ಸ್ವಿಚ್) ಇಲ್ಲದ ಕೈ ಹಾಕಬ್ಯಾಡ್ರಿ.

ನೀರಿನ ಹುಚ್ಚ (ವಿಜಯಪುರ)

ಎಲ್ಲಾ ಬರಕೊಂಡೀನ್ರಿ. ಒಂದ ಉಳದದ. ಆರ್‌ಓ ಮಾಡಿದ್ರ ಅರ್ಧಕ್ಕಿಂತ ಹೆಚ್ಚು ನೀರು ಹೊರಗ ಹೋಗ್ತದ, ನಮ್ಮ ಕಡೆ ಬ್ಯಾಸಿಗ್ಯಾಗ ಕೊಡ ನೀರಿಗೆ ಪಾಳಿ ಹಚ್ತಾರ, ಮನ್ಯಾಗ ಅವ್ವ ಇದಕ್ಕ ಒಪ್ಪಬೇಕಲ್ಲ.

ನವನಗರ ರೀಫ್ (ಬಾಗಲಕೋಟೆ)

ಅವ್ವಾರ ಹೇಳೂದು ಬರೋಬರಿ ಐತಿ. ಹೊರಗ ಬರೂ ನೀರನ್ನ ಡ್ರಮ್ಮಿಗೆ ಹಿಡೀರಿ, ಭಾಂಡೆ ತಿಕ್ಕಾಕ, ಅರಬಿ ನೆನಿಹಾಕಾಕ, ನೆಲ ಒರಸಾಕ ನಡೀತೈತಿ, ಗಿಡಕ್ಕ ದಿನಾ ಹಾಕಬ್ಯಾಡ್ರಿ, ಟಿಡಿಎಸ್ ಇನ್ನೂ ಏರಿರ್ತೈತಿ. ಟ್ಯಾಂಕಿನಿಂದ ತಗದ ಉಪ್ಪುನೀರನ್ನ ಮಾತ್ರ ಹಿತ್ತಲ ಮಣ್ಣಿಗೆ ಸುರುವಬಾರದು, ಮೋರಿಗೆ ಬಿಡ್ರಿ. ಮತ್ತ ಚಿಲ್ಲರಿಗೆ ಅಂತ ತಗದಿಟ್ಟ ರೊಕ್ಕ ಇದ್ರ ಅದರಾಗ ಆಟೋ ಟಾಪ್ ಅಪ್ ತಗೋರಿ, ನೀರು ಎಷ್ಟು ಹಾರಿತೋ ಅಷ್ಟ ಸಿಹಿನೀರು ಹನಿಹನಿಯಾಗಿ ಬಿಡ್ತೈತಿ, ಫ್ಯಾನ್ ಹಚ್ಚಿದ ಟ್ಯಾಂಕಿಗೆ ಇದು ಬೇಕಬೇಕು. ರಿಫ್ರ್ಯಾಕ್ಟೋಮೀಟರ್ (ನೀರಿನ ಉಪ್ಪು ಅಳಿಯೂ ಮೀಟರ್) ತಗೊಂಡ್ರ ಸಾದಾ ನೀರಲೇ ಸೊನ್ನಿ ಹಚ್ಚಿ ಬಿಡಬ್ಯಾಡ್ರಿ, 35 ಪಿಪಿಟಿ ದ್ರಾವಣ ಸಿಗ್ತೈತಿ, ಅದಕ್ಕ ಹೊಂದಿಸ್ರಿ. ನನ್ನ ಹತ್ರ ಆ ದ್ರಾವಣ ಐತಿ, ಬಾಗಲಕೋಟೆ ಕಡೆ ಬಂದ್ರ ಮೀಟರ್ ತಗೊಂಡು ಮನಿಗೆ ಬರ್ರಿ, ಹೊಂದಿಸಿ ಕೊಡ್ತೀನಿ, ಕೆನ್ಯಾ ಟ್ರೀ ಫ್ರ್ಯಾಗೂ ಅದಾವ, ಟ್ಯಾಂಕ್ ತಯಾರಾದ ಮ್ಯಾಲ ಒಯ್ರಿ.

ರೊಟ್ಟಿ ಚಟ್ನಿ (ಇಂಡಿ)

ಅಣ್ಣಾ ಹೋಗೂವಾಗ ನನಗೂ ಹೇಳು, ಜೋಡಿ ಬರ್ತೀನಿ.